ಹಗ್ಗ ಸಡಿಲ ಇರಲಿಲ್ಲ

ಫೆಬ್ರವರಿ ೩೦, ೨೨೬೧

ಇಪ್ಪತ್ತೊಂದನೆಯ ಶತಮಾನದಲ್ಲಿ ಕನ್ವೇಯರ್ ಬೆಲ್ಟಿನ ಪಕ್ಕ ನಿಂತು ಕೆಲಸ ಮಾಡುವವರಿಗೆ ಗಾದಿಲಿಂಗನ ನಮಸ್ಕಾರ.

ತಾರೀಖು ನೋಡಿ ತಪ್ಪಾಯಿತೆನ್ನಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕ ಐದು ದಿನಕ್ಕೆ ಹೆಸರಿಲ್ಲ, ಆದರೆ ಕೆಲಸವಿದೆ. ನನ್ನ ಮಾತು ನಿಮಗೆ ಒರಟಾಗಿ ಕೇಳಿಸಿದರೆ ಮನ್ನಿಸಿ. ಹಿಂದಕ್ಕೆ ಬರೆದ ಕಾಗದ ತಲುಪುತ್ತದೋ ಇಲ್ಲವೋ ತಿಳಿಯದು. ಮುಂದಕ್ಕೆ ಬರೆದ ಕಾಗದವೇ ಎಷ್ಟೋ ಸಲ ತಲುಪುವುದಿಲ್ಲ.

ನಿಮ್ಮ ಊರಾಚೆ ಕಸದ ಗುಡ್ಡವೊಂದು ಬೆಳೆಯುತ್ತಿದೆಯಲ್ಲ, ನಾವು ಅದರಲ್ಲೇ ದುಡಿಯುವುದು. ಹೊಸ ಪ್ಲಾಸ್ಟಿಕ್ಕು, ಹೊಸ ತಾಮ್ರ ಈಗ ಎಲ್ಲೂ ಹುಟ್ಟುವುದಿಲ್ಲ. ಆದ್ದರಿಂದ ನಿಮ್ಮದನ್ನೇ ಅಗೆದು, ಸಾಗುಪಟ್ಟಿಯ ಮೇಲೆ ಹರಿಯಬಿಟ್ಟು ಆರಿಸುತ್ತೇವೆ. ಬೆಲ್ಟಿಗೆ ನಾವು ಸಾಗುಪಟ್ಟಿ ಎನ್ನುತ್ತೇವೆ, ಅದು ಸುತ್ತುವ ಉರುಳೆಗೆ ಗಾಲಿ. ಪಟ್ಟಿಯ ಎರಡೂ ಬದಿಗೆ ನಲವತ್ತೆರಡು ಜನ ನಿಲ್ಲುತ್ತೇವೆ. ಹಲ್ಲುಜ್ಜುವ ಬ್ರಷ್ಷು, ಟಿ.ವಿ. ರಿಮೋಟು, ಒಂಟಿ ಚಪ್ಪಲಿ ಬರುತ್ತವೆ. ಜೋಡಿ ಚಪ್ಪಲಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಹತ್ತು ಗಂಟೆಗೆ ಮಂಡಕ್ಕಿ, ಚಹಾ. ಒಳಗೆ ಬರುವ ಮುಂಚೆ ಬಳೆ, ಉಂಗುರ, ಉಡಿದಾರದ ತುದಿಯವರೆಗೆ ಜೋಲುವುದನ್ನೆಲ್ಲ ಬಾಗಿಲ ಬಳಿಯ ಡಬ್ಬಿಯಲ್ಲಿ ಹಾಕಬೇಕು, ಕೂದಲನ್ನು ಟೊಪ್ಪಿಗೆಯೊಳಗೆ ತುರುಕಬೇಕು. ಗೋಡೆಯ ಮೇಲಿನ ಬರಹ ನನ್ನದು: "ಗುಂಡಿ ಹಾಕಿಡು, ಬಳೆ ತೆಗೆದಿಡು, ಗಾಲಿಯ ಬಾಯಿಗೆ ಕೈಯ ದೂರವಿಡು." ಪ್ರಾಸವಿದ್ದರೆ ಜನ ಮರೆಯುವುದಿಲ್ಲವೆಂದು ಕಚೇರಿಯವರ ನಂಬಿಕೆ. ಅದು ನಿಜ. ಆ ನಿಜವೇ ಈ ಕಾಗದದ ವಿಷಯ.

ಪಟ್ಟಿಯುದ್ದಕ್ಕೂ ಎರಡೂ ಬದಿಗೆ, ನಿಂತವರ ಬೆನ್ನ ಹಿಂದೆ, ಸೊಂಟದೆತ್ತರಕ್ಕೆ ಒಂದೊಂದು ಕೆಂಪು ಹಗ್ಗವಿದೆ. ಯಾರು ಎಲ್ಲಿಂದ ಎಳೆದರೂ ಪಟ್ಟಿ ನಿಲ್ಲುತ್ತದೆ. ನಿಮ್ಮಲ್ಲೂ ಇರಬೇಕು. ನಿಂತ ಪಟ್ಟಿಯನ್ನು ಆಚೆಯಿಂದೀಚೆಗೆ ನೋಡಿ ಮತ್ತೆ ಹೊರಡಿಸಲು ಅರ್ಧ ಗಂಟೆ ಬೇಕು, ಊಟ ಅಷ್ಟು ತಡ. ಎಳೆದವನು ಮಾತ್ರ ಕದಲುವಂತಿಲ್ಲ, ತಪಾಸಣೆ ಮುಗಿಯುವವರೆಗೆ ಹಗ್ಗ ಹಿಡಿದು ನಿಂತಿರಬೇಕು. ನಲವತ್ತೊಂದು ಜನ ಅವನನ್ನೇ ನೋಡುತ್ತಾರೆ. ಹಸೆಯ ಮೇಲೆ ನಿಂತಂತೆ ಕಾಣುತ್ತಾನೆಂದು ಅವನಿಗೆ ಮದುಮಗ ಎಂದು ಹೆಸರಿಟ್ಟೆವು. ಪಟ್ಟಿಯ ಮೇಲಿನ ಬಾಟಲಿ ಮುಚ್ಚಳಗಳನ್ನು ಬಾಚಿ ಅಕ್ಷತೆಯಂತೆ ಎರಚುತ್ತಿದ್ದೆವು. ಹಾಡು ನಾನು ಕಟ್ಟಿದ್ದು: "ಹಗ್ಗ ಎಳೆದ ಮದುಮಗ, ನಿಂತೇ ಹೋಯ್ತು ನಮ್ಮ ಜಗ." ಎಂಟು ವರ್ಷದಿಂದ ಹಾಡುತ್ತಿದ್ದಾರೆ. ಹೊಸಬರು ಕೆಲಸಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ.

ಹೋದ ತಿಂಗಳು ಒಂದು ಮಂಗಳವಾರ ಓಬಳೇಶ ಹಗ್ಗ ಎಳೆದ. ನನ್ನ ವಯಸ್ಸಿನವನು, ಮಾತು ಕಡಿಮೆ. ಕಸದ ನಡುವೆ ಮಗುವಿನ ಕೈ ಕಂಡಿತೆಂದು ಎಳೆದಿದ್ದ. ಅದು ಗೊಂಬೆಯ ಕೈ. "ಮದುಮಗನಿಗೆ ಮದುವಿಗಿಂತ ಮೊದ್ಲೇ ಕೂಸು ಹುಟ್ಟೇತ್ರಲೇ" ಎಂದು ಯಾರೋ ಕೂಗಿದರು. ಮುಚ್ಚಳಗಳು ಬಿದ್ದವು. ಹಾಡು ಶುರು ಮಾಡಿದವನು ನಾನು. ಅವನೂ ನಕ್ಕ. ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ.

ಅದೇ ವಾರ ಗುರುವಾರ ಕೆಸರು ಕೆರೆಯಲು ಕೊನೆಯ ಗಾಲಿಯ ಮುಂದಿನ ಜಾಲರಿ ಬಿಚ್ಚಿದ್ದರು. ಮತ್ತೆ ಹಾಕದೆ ಪಟ್ಟಿ ಹೊರಡಿಸಿದರು. ಗಾಲಿಯ ಪಕ್ಕ ಹುಲಿಗೆಮ್ಮ ನಿಂತಿದ್ದಳು, ಎದುರಿಗೆ ಓಬಳೇಶ, ಅವನ ಪಕ್ಕ ನಾನು. ಹಳೆಯ ಸೀರೆಯೊಂದು ಉದ್ದಕ್ಕೆ ಬಂತು. ಜಾರದಿರಲೆಂದು ಅವಳು ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿ ಎಳೆದಳು. ಇನ್ನೊಂದು ತುದಿ ಗಾಲಿಯ ಬಾಯಿಗೆ ಹೋಗಿತ್ತು. ಅವಳ ಕಡೆಯ ಹಗ್ಗ ಬೆನ್ನ ಹಿಂದಿತ್ತು, ತಿರುಗಲು ಆಗಲಿಲ್ಲ. "ಓಬಳೇಶಣ್ಣ, ಹಗ್ಗ" ಎಂದಳು, ಉಪ್ಪು ಕೇಳಿದ ಹಾಗೆ. ಓಬಳೇಶನ ಕೈ ಹಗ್ಗದ ಮೇಲಿತ್ತು. ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ ಎಳೆದ. ನನ್ನ ಕೈಗೂ ಹಗ್ಗ ಸಿಗುತ್ತಿತ್ತು. ನಾನು ಅವನನ್ನು ನೋಡುತ್ತಿದ್ದೆ.

ಅವಳ ಬಲಗೈ ಮೊಳಕೈಯಿಂದ ಕೆಳಗೆ ಹೋಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬರೆದರೆ ಏನಾದರೂ ಅನ್ನಿಸಬೇಕು, ಸದ್ಯ ಏನೂ ಅನ್ನಿಸುತ್ತಿಲ್ಲ. ಮಂಡಕ್ಕಿ ತಿನ್ನುತ್ತೇನೆ, ನಿದ್ದೆ ಬರುತ್ತದೆ.

ವಿಚಾರಣೆಗೆ ಬಂದವರು ಪಟ್ಟಿ ತಡವಾಗಿ ನಿಂತದ್ದೇಕೆಂದು ಕೇಳಿದರು. ಹಗ್ಗ ಸಡಿಲವಿತ್ತು ಎಂದು ಒಬ್ಬರು ಹೇಳಿದರು, ಎಲ್ಲರೂ ಅದನ್ನೇ ಹೇಳಿದರು. ನಾನೂ ಹೇಳಿದೆ. ಓಬಳೇಶ ಏನೂ ಹೇಳಲಿಲ್ಲ. ಜಾಲರಿ ಹಾಕಿದರು, ಹೊಸ ಹಗ್ಗ ಕಟ್ಟಿದರು. ಅಂದಿನಿಂದ ನಿಂತಿದ್ದ ಪಟ್ಟಿ ನಾಳೆ ಮತ್ತೆ ಹೊರಡುತ್ತದೆ. ಹೊಸ ಹಗ್ಗದ ಬಗ್ಗೆ ಎರಡು ಸಾಲಿನ ಪ್ರಾಸ ಬರೆದು ಎಲ್ಲರ ಮುಂದೆ ಓದಬೇಕೆಂದು ಕಚೇರಿ ನನಗೆ ಹೇಳಿದೆ.

ನಿನ್ನೆ ಹುಲಿಗೆಮ್ಮನನ್ನು ನೋಡಲು ಹೋಗಿದ್ದೆ. ಎಡಗೈಯಲ್ಲಿ ಚಹಾ ಕುಡಿಯುವುದನ್ನು ಕಲಿಯುತ್ತಿದ್ದಳು. "ಓಬಳೇಶಣ್ಣನ್ನ ಏನೂ ಅನಬ್ಯಾಡ್ರಿ ಗಾದಿಲಿಂಗಣ್ಣ. ನಾನಾಗಿದ್ರೂ ಒಂದ್ಸಲ ನಿಮ್ ಕಡೆ ನೋಡೇ ಎಳೀತಿದ್ದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಲೋಟ ತೊಳೆದಿಟ್ಟು ಬಂದೆ.

ಪ್ರಾಸ ಬರೆದಿಲ್ಲ. ಹಗ್ಗ ಸಡಿಲವಿರಲಿಲ್ಲ, ನಮ್ಮ ಹಾಡು ಬಿಗಿಯಾಗಿತ್ತು ಎಂದು ನಾಳೆ ಹೇಳುತ್ತೇನೆ. ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬ ಎಂದೂ ಹೇಳುತ್ತೇನೆ. ಕೆಲಸ ಹೋಗಬಹುದು, ಓಬಳೇಶನ ಕಡೆ ಎಲ್ಲರೂ ತಿರುಗಿ ನೋಡಬಹುದು. ಹೇಳದಿದ್ದರೆ ಹೊಸ ಹಗ್ಗವನ್ನೂ ಯಾರೂ ಮುಟ್ಟುವುದಿಲ್ಲ. ಉಳಿದ ನಲವತ್ತು ಜನರೆದುರು ಬಾಯಿ ಬಿಡಲಾಗುತ್ತದೋ ಇಲ್ಲವೋ ಎಂದು ಮೊದಲು ನಿಮಗೆ ಹೇಳಿ ನೋಡಿದೆ. ನೀವು ಸತ್ತು ಬಹಳ ಕಾಲವಾಗಿದೆ, ಸಂಕೋಚ ಕಡಿಮೆ.

ನಿಮ್ಮಲ್ಲಿ ಒಂದು ಕೋರಿಕೆ. ಇವತ್ತು ನಿಮ್ಮ ಬೆಲ್ಟಿನ ಪಕ್ಕ ಯಾರಾದರೂ ಸುಮ್ಮಸುಮ್ಮನೆ ಹಗ್ಗ ಎಳೆದಾರು. ಅವರ ಮುಖ ನೋಡುತ್ತ ನಿಲ್ಲಬೇಡಿ, ಹೆಸರಿಡಬೇಡಿ. ಹೋಗಿ ಗಾಲಿ ನೋಡಿ. ಏನೂ ಆಗಿಲ್ಲದಿದ್ದರೆ, ಏನೂ ಆಗಿಲ್ಲ ಎಂದು ಹೇಳಿ, ಮತ್ತೆ ಚಾಲೂ ಮಾಡಿ.

ಇಂತಿ,
ಗಾದಿಲಿಂಗ