ದೊಡ್ಡವರ ಕೊನೆಯ ಮಾತು

ಜೂನ್ 3, ಮಂಗಳವಾರ

ಕೋರ್ಟಿನಲ್ಲಿ ಇವತ್ತು ಮೂರು ಸಾಕ್ಷಿಗಳು. ಮೂವರೂ ಬಾಯಿಯೊಳಗೇ ಮಾತಾಡುವವರು. ಅವರ ಹೇಳಿಕೆ ಬರೆದು ಬರೆದು ಬೆರಳು ಸೆಟೆದುಕೊಂಡಿದೆ. ಮನೆಗೆ ಬಂದರೆ ಅಣ್ಣನ ಫೋನು — ಅಪ್ಪನನ್ನು ಒಪ್ಪಿಸಿದೆಯಾ?

ಹಳೆಯ ಸಂಸತ್ ಭವನ ಮ್ಯೂಸಿಯಂ ಆಗಿದೆ. ಇಪ್ಪತ್ತೊಂದಕ್ಕೆ ಉದ್ಘಾಟನೆ. ಅಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದ ಅಪ್ಪನಿಗೆ ಸನ್ಮಾನ. ವಿರೋಧ ಪಕ್ಷದ ನಾಯಕ, ಎಲ್ಲರ ಬಾಯಲ್ಲೂ 'ದೊಡ್ಡವರು', ಸದನದಲ್ಲೇ ಕುಸಿದು ತೀರಿಕೊಂಡ ದಿನ ಅವರ ಕೊನೆಯ ಭಾಷಣ ಬರೆದುಕೊಂಡವರು ಅಪ್ಪ. ಆ ನೋಟ್‌ಬುಕ್ಕಿನಿಂದಲೇ ಅವತ್ತು ಎಲ್ಲರೆದುರು ಓದಬೇಕಂತೆ.

"ಮಂಡಿ ನೋವು," ಅನ್ನುತ್ತಾರೆ ಅಪ್ಪ. ಎಂಬತ್ತೊಂದು ವರ್ಷ, ನಿಜ. ಆದರೆ ಬೆಳಿಗ್ಗೆ ಪಾರ್ಕಿನಲ್ಲಿ ಆರು ಸುತ್ತು ಹಾಕುವಾಗ ಈ ಮಂಡಿ ಎಲ್ಲಿ ಹೋಗಿರುತ್ತದೋ.

ಮನೆಯವರಿಗೆ ಮೊದಲೇ ನೋಡಲು ಪಾಸ್ ಕಳಿಸಿದ್ದಾರೆ. ಭಾನುವಾರ ಹೋಗಿ ಲಿಫ್ಟ್ ಇದೆಯೋ ನೋಡಿಬರುತ್ತೇನೆ. ನೆಪಕ್ಕೆ ಜಾಗ ಇರಬಾರದು.

ಜೂನ್ 8, ಭಾನುವಾರ, ಮಧ್ಯಾಹ್ನ 1

ಭವನದ ಎದುರಿನ ಬೆಂಚಿನಲ್ಲಿ ಕೂತಿದ್ದೇನೆ. ಕ್ರಮವಾಗಿ ಬರೆಯಬೇಕು.

ಲಿಫ್ಟ್ ಇದೆ. ಗೈಡ್ ಹೆಂಗಸು ಒಳ್ಳೆಯವಳು, ಬಾಯಿ ಸ್ವಲ್ಪ ಜೋರು. ಬಾಗಿಲಲ್ಲೇ ಅಮೃತಶಿಲೆಯ ಮೇಲೆ ದೊಡ್ಡವರ ಕೊನೆಯ ಭಾಷಣದ ಸಾಲುಗಳು — 'ನಾನು ಹೋದ ಮೇಲೂ ಈ ಸಭೆ ಇರಲಿ. ನನ್ನ ಎದುರಾಳಿಯ ಮಾತಿಗೂ ಇಲ್ಲಿ ಜಾಗ ಇರಲಿ.' ಏಳನೇ ಕ್ಲಾಸಿನಲ್ಲಿ ಇದನ್ನೇ ಬಾಯಿಪಾಠ ಒಪ್ಪಿಸಿ ಬಹುಮಾನ ತಗೊಂಡಿದ್ದೆ. ಗೈಡ್ ಹತ್ತಿರ ಅದನ್ನೂ ಕೊಚ್ಚಿಕೊಂಡೆ.

ಸದನ ಅಂದುಕೊಂಡದ್ದಕ್ಕಿಂತ ಚಿಕ್ಕದು. ಬೆಂಚುಗಳ ಚರ್ಮ ಕೈಯೂರುವ ಕಡೆಯೆಲ್ಲ ಸವೆದಿದೆ. ನಡುವೆ ತಗ್ಗಿನಲ್ಲಿ ಸ್ಟೆನೋಗಳ ಮೇಜು. ದೊಡ್ಡವರು ನಿಲ್ಲುತ್ತಿದ್ದ ಜಾಗ ಅಲ್ಲಿಂದ ಎರಡು ಹೆಜ್ಜೆ. ಮೇಜಿನ ಮೇಲೆ ಪೆನ್ಸಿಲು, ಗಡಿಯಾರ, ನೀರಿನ ಹೂಜಿ, ಗ್ಲಾಸು.

"ಒಬ್ಬೊಬ್ಬ ಸ್ಟೆನೋಗೆ ಐದೈದು ನಿಮಿಷ ಸರದಿ ಮೇಡಂ," ಅಂದಳು ಗೈಡ್. "ಆ ಐದು ನಿಮಿಷ ತಲೆ ಎತ್ತೋ ಹಾಗಿಲ್ಲ. ಏನೇ ಆದ್ರೂ ಕೈ ನಿಲ್ಲೋ ಹಾಗಿಲ್ಲ."

ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ನೋಟ್‌ಬುಕ್ಕು. ಅದೇ ತಾರೀಖಿನ ಪುಟ ತೆರೆದಿಟ್ಟಿದ್ದಾರೆ.

"ಇದನ್ನ ಓದೋರು ಯಾರೂ ಸಿಗ್ಲಿಲ್ಲ. ನಿಮ್ಮ ತಂದೆಯವರು ಅವರದೇ ಶಾರ್ಟ್‌ಹ್ಯಾಂಡ್ ಗುರುತು ಮಾಡ್ಕೊಂಡಿದ್ರಂತೆ."

ನಾನು ಓದಬಲ್ಲೆ. ಅಡುಗೆಮನೆಯಲ್ಲಿ ಕೂರಿಸಿಕೊಂಡು ಅಪ್ಪ ನನಗೆ ಕಲಿಸಿದ್ದು ಅದನ್ನೇ. ಕೋರ್ಟಿನಲ್ಲೂ ಅದರಲ್ಲೇ ಬರೆಯುತ್ತೇನೆ.

ಮೊದಲ ಎರಡು ಸಾಲು ರಸ್ತೆ ತೆರಿಗೆಯ ಮಾತು. ಆಮೇಲೆ —

ದೊಡ್ಡವರು: ಅಧ್ಯಕ್ಷರೇ, ನೀರು.
ಅಧ್ಯಕ್ಷರು: ನಿಮ್ಮ ಸಮಯ ಮುಗಿಯಿತು. ಕೂತುಕೊಳ್ಳಿ.
ದೊಡ್ಡವರು: ಎದೆ ಹಿಡಿದುಕೊಂಡಿದೆ. ನೀರು.
ಒಬ್ಬ ಸದಸ್ಯ: ನಾಟಕ ಶುರುವಾಯಿತು.
ಸದನದಲ್ಲಿ ನಗು.
ದೊಡ್ಡವರು: ನೀರು ಕೊಡಿ, ಯಾರಾದರೂ.
ಸದನದಲ್ಲಿ ನಗು.
ದೊಡ್ಡವರು: ನೀರು.

ಪುಟ ಅಲ್ಲಿಗೆ ಮುಗಿಯಿತು.

ಇನ್ನೊಂದು ಸಲ ಓದಿದೆ. ಅಮೃತಶಿಲೆಯ ಮಾತು ಒಂದೂ ಇಲ್ಲ. ಮುಂದಿನ ಪುಟದಲ್ಲಿ ಇರಬಹುದೇ? ಹೀಗೆ ಉಸಿರಿಗೆ ಒದ್ದಾಡುವವನು ಅಂಥ ಭಾಷಣ ಮಾಡುತ್ತಾನೆಯೇ?

"ಈ ಹೂಜಿ ಅವತ್ತೂ ಇಲ್ಲೇ ಇತ್ತಾ?" ಕೇಳಿದೆ.

"ಇದೇ ಹೂಜಿ ಮೇಡಂ. ಒರಿಜಿನಲ್ಲು."

ನಾಲ್ಕು ಸಲ ನೀರು. ನಾಲ್ಕು ಸಲವೂ ಅಪ್ಪ ಬರೆದುಕೊಂಡಿದ್ದಾರೆ. ಗೆರೆ ಎಲ್ಲೂ ಅಲುಗಿಲ್ಲ. ನನಗೆ ತಡೆಯಲಾಗದೇ ಇರುವುದು ಅದು.

ಜೂನ್ 9, ಸೋಮವಾರ

ಅಪ್ಪನನ್ನು ಕೇಳಲಾಗಲಿಲ್ಲ.

"ಲಿಫ್ಟ್ ಇದೆಯಾ?"
"ಇದೆ."
"ಓ."

ಊಟದ ನಡುವೆ ನನಗೆ ಬಿಕ್ಕಳಿಕೆ. ಅಪ್ಪ ಗ್ಲಾಸು ನನ್ನ ಕಡೆ ತಳ್ಳಿದರು. "ಕುಡಿ ಪುಟ್ಟಿ." ತಟ್ಟೆ ಬಿಟ್ಟು ಎದ್ದುಹೋದೆ.

ಜೂನ್ 17, ಮಂಗಳವಾರ

ಎಂಟು ದಿನ ಬರೆದಿಲ್ಲ. ಮನೆಯಲ್ಲಿ ಮಾತೂ ಅಷ್ಟಕ್ಕಷ್ಟೇ. ಬೆಳಿಗ್ಗೆ ಕಾಫಿಗೆ ಕೂತಾಗ ಅಪ್ಪನೇ ಶುರುಮಾಡಿದರು.

"ಯಾವ ಪುಟ ತೆಗ್ದಿಟ್ಟಿದ್ದಾರೆ?"

ಹೇಳಿದೆ. ಲೋಟ ಕೆಳಗಿಟ್ಟರು.

"ಸರದೀಲಿ ಇನ್ನೂ ಎರಡು ನಿಮಿಷ ಇತ್ತು. ಅಷ್ಟು ಜನ ಸದಸ್ಯರು, ಜವಾನರು... ಯಾರಾದ್ರೂ ಕೊಡ್ತಾರೆ ಅಂದ್ಕೊಂಡೆ."

"ನಿಮ್ಮ ಕೈಗೇ ಎಟುಕ್ತಿತ್ತಲ್ಲ ಅಪ್ಪ."

"ಎಟುಕ್ತಿತ್ತು."

"ಮತ್ತೆ ಆ ಕಲ್ಲಿನ ಮೇಲಿರೋದು?"

"ಅಧ್ಯಕ್ಷರು ಕರೆಸಿದ್ರು. ಇದೆಲ್ಲ ಕಡತದಿಂದ ತೆಗೀರಿ, ಮರ್ಯಾದೆಯಾಗಿ ಏನಾದ್ರೂ ಹಾಕಿ ಅಂದ್ರು. ಹತ್ತು ನಿಮಿಷದಲ್ಲಿ ಟೈಪ್ ಮಾಡಿದೆ."

ಮೂವತ್ತೆಂಟು ವರ್ಷ. ದೇಶವೆಲ್ಲ ಬಾಯಿಪಾಠ ಮಾಡಿದ್ದು ನಮ್ಮಪ್ಪ ಕಟ್ಟಿದ ಮಾತನ್ನು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟಂತೂ ನೆತ್ತಿಗೇರಿತು. ಅಂದುಬಿಟ್ಟೆ, "ಹೋಗ್ಬೇಡಿ. ಮಂಡಿ ನೋವು ಅಂತಾನೇ ಇರಿ."

"ಬರ್ತೀನಿ ಅಂತ ನಿಮ್ಮಣ್ಣನಿಗೆ ಫೋನ್ ಮಾಡಾಯ್ತು," ಅಂದರು. "ದೊಡ್ಡವರ ಮಗಳೂ ಬರ್ತಾರಂತೆ."

ಯಾವುದನ್ನು ಓದುತ್ತೀರಿ ಅಂತ ಕೇಳುವ ಧೈರ್ಯ ಬರಲಿಲ್ಲ.

ಜೂನ್ 21, ಶನಿವಾರ, ಸಂಜೆ 5

ಮನೆಗೆ ಬಂದು ಅರ್ಧ ಗಂಟೆಯಾಯಿತು. ಬಟ್ಟೆ ಬದಲಾಯಿಸಿಲ್ಲ.

ಸದನ ತುಂಬಿತ್ತು. ಅಪ್ಪನನ್ನು ಅವರ ಹಳೆಯ ಕುರ್ಚಿಯಲ್ಲೇ ಕೂರಿಸಿದರು. ಪಕ್ಕದಲ್ಲಿ ನಾನು, ಹಿಂದೆ ಅಣ್ಣ. ಬಿಳಿ ಕೈಗವಸು ಹಾಕಿಕೊಂಡ ಮ್ಯೂಸಿಯಂನವನೊಬ್ಬ ನೋಟ್‌ಬುಕ್ಕು ತಂದಿಟ್ಟ. ಎದುರಿಗಿದ್ದ ಕೆಲವರ ತುಟಿ ಆಗಲೇ ಬಾಯಿಪಾಠಕ್ಕೆ ಸಿದ್ಧವಾಗಿತ್ತು.

ಅಪ್ಪ ಓದಿದರು. ಇದ್ದದ್ದನ್ನು ಇದ್ದ ಹಾಗೆ, ಏರಿಳಿತವಿಲ್ಲದೆ. 'ಸದನದಲ್ಲಿ ನಗು' ಅನ್ನುವುದನ್ನೂ ಬಿಡಲಿಲ್ಲ. ಅಣ್ಣ ನನ್ನ ಭುಜ ಹಿಂಡಿದ. "ತಲೆಗಿಲೆ ಕೆಟ್ಟಿದೆಯಾ ಇವರಿಗೆ? ನಿಲ್ಸು." ಅಷ್ಟರಲ್ಲಿ ಮೈಕು ನಿಂತಿತು. ಮೈಕಿಲ್ಲದ ಕಾಲದಲ್ಲಿ ಕಟ್ಟಿದ ಸದನ ಅದು, ಅಪ್ಪನ ದನಿ ಮೂಲೆಯವರೆಗೂ ಕೇಳುತ್ತಿತ್ತು.

"ಕಲ್ಲಿನ ಮೇಲಿರೋದು ನಾನು ಬರೆದದ್ದು," ಅಂದರು. "ನೀರು ಈ ಮೇಜಿನ ಮೇಲಿತ್ತು. ನಾನು ಕೊಡಲಿಲ್ಲ."

ಮುಂದಿನ ಸಾಲಿನಿಂದ ದೊಡ್ಡವರ ಮಗಳು ಎದ್ದು ಬಂದರು. ಎಪ್ಪತ್ತರ ಹತ್ತಿರ ಇರಬಹುದು.

"ಅಷ್ಟೇನಾ? ಇನ್ನೇನೂ ಹೇಳ್ಲಿಲ್ವಾ ಅವ್ರು?"

ಅಪ್ಪ ಪುಟ ತಿರುಗಿಸಿದರು. ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದರು. ಒಂದೇ ಸಾಲು. ನಾನು ಓದಿದೆ.

'ಊಟಕ್ಕೆ ಕಾಯಬೇಡ ಅಂತ ನನ್ನ ಮಗಳಿಗೆ ಯಾರಾದರೂ ಫೋನ್ ಮಾಡಿ.'

"ಯಾರೂ ಮಾಡ್ಲಿಲ್ಲ," ಅಂದರು ಆಕೆ. "ಸಂಜೆವರೆಗೂ ಕಾದೆ."

ಅಪ್ಪನ ಕೆನ್ನೆಗೆ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಕೈ ಹಿಡಿದುಕೊಳ್ಳಬಹುದು ಅಂದುಕೊಂಡೆ. ಅದೂ ಇಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಎದುರೇ ಕೂತರು.

"ಮೊದಲಿಂದ ಓದಿ," ಅಂದರು. "ನಿಧಾನಕ್ಕೆ."

ಅಪ್ಪ ಹಿಂದಿನ ಪುಟಕ್ಕೆ ಹೋದರು. ಕನ್ನಡಕ ಒರೆಸಿಕೊಂಡರು. 'ಅಧ್ಯಕ್ಷರೇ,' ಅಂದರು. ಆಮೇಲೆ, ನಿಧಾನಕ್ಕೆ, 'ನೀರು.'