ಪ್ರಾರ್ಥನಾ ವಿಷಯ: ವೀಣ

ಜೂನ್ 12, ಗುರುವಾರ

ನಾಳೆ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲೇ. ಜಮಖಾನೆ ಒಗೆದು ಹಾಕಿದೆ. ಉಪ್ಪಿಟ್ಟಿಗೆ ರವೆ ತಂದಾಯಿತು. ಹೋದ ಸಲ ಮದ್ದೂರಿನ ಅಂಕಮ್ಮ ಮಾಡಿದ್ದ ಉಪ್ಪಿಟ್ಟಿನಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು.

ಸಂಜೆ ವೀಣ ಬಂದಿದ್ದಳು. ಸಂಡೇ ಸ್ಕೂಲಿನಲ್ಲಿ ನನ್ನ ಕೈಯಲ್ಲೇ ಬೆಳೆದ ಹುಡುಗಿ. ಈಗ ಲ್ಯಾಬ್ ಟೆಕ್ನಿಷಿಯನ್. ಮುಂದಿನ ತಿಂಗಳು ಮಳವಳ್ಳಿಯ ಸಂತೋಷನ ಜೊತೆ ಮದುವೆ. ಚರ್ಚಿನಲ್ಲಿ ಎರಡು ಭಾನುವಾರ ಪ್ರಕಟಣೆ ಓದಿಯಾಗಿದೆ. ಈ ಭಾನುವಾರ ಮೂರನೆಯದು, ಕೊನೆಯದು. ಯಾರದೂ ಆಕ್ಷೇಪಣೆ ಇಲ್ಲದಿದ್ದರೆ ಮುಗಿಯಿತು.

ಬಾಗಿಲು ಹಾಕಿಕೊಂಡು ಹೇಳಿದಳು. ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತಂತೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ನಿಂತಿತು, ಮಾತ್ರೆಯೂ ನಿಂತಿತು. ಸಂತೋಷನಿಗೆ ಗೊತ್ತಿಲ್ಲ.

"ಶನಿವಾರ ಮಳವಳ್ಳಿಗೆ ಹೋಗಿ ನಾನೇ ಹೇಳ್ತೀನಿ ಆಂಟಿ. ನನ್ನ ಬಾಯಿಂದಲೇ ಅವರಿಗೆ ಗೊತ್ತಾಗ್ಬೇಕು. ಭಯ ಆಗ್ತಿದೆ… ನನಗೋಸ್ಕರ ಪ್ರಾರ್ಥನೆ ಮಾಡಿ."

ಮಾಡದೆ ಇರುತ್ತೇನೆಯೇ? ಧೈರ್ಯ ಹೇಳಿ ಕಳಿಸಿದೆ. ಗುಟ್ಟು ಹೇಳಲು ಸರಿಯಾದ ಕಡೆಗೇ ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಇಡೀ ಮಂಡ್ಯದ ಟ್ರಂಕ್ ಕಾಲು ನನ್ನ ಕಿವಿ ದಾಟಿಯೇ ಹೋಗುತ್ತಿತ್ತು. ಒಂದು ಮಾತು ಹೊರಗೆ ಬಿಟ್ಟವಳಲ್ಲ.

ಜೂನ್ 13, ಶುಕ್ರವಾರ

ಕೂಟ ಬಹಳ ಚೆನ್ನಾಯಿತು. ಮನೆ ತುಂಬ ಜನ. ಉಪ್ಪಿಟ್ಟು ಸಾಲದೆ ಬಂತು. ಕೊನೆಯ ಪ್ರಾರ್ಥನೆ ನನ್ನದೇ — ಮನಸ್ಸು ಬಿಚ್ಚಿ ಮಾಡಿದೆ. ವೀಣಳ ವಿಷಯವನ್ನೂ ಎತ್ತಿದೆ. ವಿಷಯವೇ ತಿಳಿಯದೆ ಜನ ಭಾರ ಹೊರುವುದು ಹೇಗೆ? ಫಿಟ್ಸು, ಮಾತ್ರೆ, ಮದುವೆ, ಎಲ್ಲವನ್ನೂ ಕರ್ತನ ಪಾದಕ್ಕೆ ಒಪ್ಪಿಸಿದೆ. ಎಲ್ಲರೂ ಆಮೆನ್ ಎಂದರು. ಅಂಕಮ್ಮ ಅತ್ತೇಬಿಟ್ಟಳು.

ವೀಣಳಿಗೆ ಡ್ಯೂಟಿ, ಬಂದಿರಲಿಲ್ಲ. ಬಂದಿದ್ದರೆ ಎಷ್ಟು ಬಲ ಬರುತ್ತಿತ್ತು ಹುಡುಗಿಗೆ!

ಜೂನ್ 15, ಭಾನುವಾರ

ಪ್ರಕಟಣೆ ಓದಲಿಲ್ಲ!

ಆರಾಧನೆ ಮುಗಿದದ್ದೇ ಪಾದ್ರಿ ಅಯ್ಯನವರನ್ನು ಹಿಡಿದು ಕೇಳಿದೆ. ಗಂಡಿನ ಕಡೆಯವರು ತಡೆಯಿರಿ ಎಂದಿದ್ದಾರೆ. ನಿನ್ನೆ ವೀಣ ಮಳವಳ್ಳಿಯಲ್ಲಿ ಬಸ್ಸು ಇಳಿಯುವ ಮೊದಲೇ ಸುದ್ದಿ ಇಳಿದಿತ್ತಂತೆ. ಕಾಯಿಲೆ ಮುಚ್ಚಿಟ್ಟು ಮದುವೆಗೆ ಹೊರಟವಳು ಎಂದು ಸಂತೋಷನ ತಾಯಿ ಹೊಂಬಾಳಮ್ಮ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಾರೆ. ಒಂದು ಮಾತು ಆಡಲೂ ಬಿಟ್ಟಿಲ್ಲ.

ಯಾವಳು ಹೇಳಿದಳು? ಯಾವಳ ನಾಲಿಗೆ ಇಷ್ಟು ಉದ್ದ? ಕಂಡುಹಿಡಿಯದೆ ಬಿಡುವವಳಲ್ಲ ನಾನು.

ಜೂನ್ 17, ಮಂಗಳವಾರ

ಬೆಳಿಗ್ಗೆಯೇ ಬಸ್ಸು ಹತ್ತಿ ಮದ್ದೂರು. ಅಂಕಮ್ಮನನ್ನು ನೇರವಾಗಿ ಕೇಳಿದೆ.

"ನಾನ್ಯಾಕ್ ಸುಳ್ಳೇಳ್ಲಿ ಕಣಕ್ಕ. ಭಾರತೀನಗರದ ನಮ್ ನಾದಿನಿಗೆ ಪೋನ್ ಮಾಡಿ, ಪ್ರಾರ್ಥನೆ ಮಾಡು ಅಂದೆ, ಅಷ್ಟೇಯ. ಎಲ್ರೂ ಈ ಭಾರ ಒತ್ಕಳಿ ಅಂದೋಳು ನೀನೇ ಅಲ್ವಾ? ಒತ್ಕಂಡೆ."

ಮತ್ತೆ ಬಸ್ಸು. ನಾದಿನಿ ಮನೆ ಮುಂದೆಯೇ ಸಿಕ್ಕಳು.

"ಊಂ ಕಣಮ್ಮ, ಒಂಬಾಳಕ್ಕಂಗೆ ಏಳ್ದೆ. ಸೊಸೆ ಆಗೋಳಲ್ವಾ, ಅವ್ರೂ ಪ್ರಾರ್ಥನೆ ಮಾಡ್ಲಿ ಅಂತವ."

ಯಾರೂ ಚಾಡಿ ಹೇಳಿಲ್ಲ. ಎಲ್ಲರೂ ಪ್ರಾರ್ಥನೆಗೇ ಹೇಳಿದ್ದಾರೆ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತಲೇ ಇದ್ದವು. ಮಳವಳ್ಳಿ ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ಹುಡುಕಲು ಹೊರಟವಳು ನಾನು, ಸಿಕ್ಕವಳೂ ನಾನೇ.

ಫಿಟ್ಸ್ ವಿಷಯ ಕರ್ತನಿಗೆ ಮೊದಲೇ ಗೊತ್ತಿತ್ತು. ನಾನು ಹೇಳಿದ್ದು ಕರ್ತನಿಗಲ್ಲ, ಜಮಖಾನೆಯ ಮೇಲೆ ಕೂತವರಿಗೆ. ಅದರಲ್ಲೂ ಅವಳು ತಾನೇ ಹೋಗಿ ಹೇಳುವವಳಿದ್ದಳು ಎಂಬ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ನಾಲಿಗೆ ಬೆಂಕಿ ಎಂಬ ಬೈಬಲ್ ವಾಕ್ಯವನ್ನು ಸಂಡೇ ಸ್ಕೂಲಿನಲ್ಲಿ ಅದೇ ಹುಡುಗಿಗೆ ಬಾಯಿಪಾಠ ಮಾಡಿಸಿದವಳು! ಥೂ. ನಾಚಿಕೆಯಾಯಿತು.

ಜೂನ್ 18, ಬುಧವಾರ

ವೀಣಳ ಮನೆಗೆ ಹೋಗಿ ತಪ್ಪಾಯಿತು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಕಾಫಿ ಕೊಟ್ಟಳು. ಬೈದಿದ್ದರೇ ವಾಸಿಯಿತ್ತು.

"ಅದು ನನ್ನ ಮಾತು ಆಂಟಿ. ನೀವು ಆಡಿಬಿಟ್ರಿ. ಈಗ ನಾನು ಏನು ಹೇಳಿದ್ರೂ ಸಿಕ್ಕಿಬಿದ್ದ ಮೇಲೆ ಹೇಳಿದ ಹಾಗೆ."

ಕಾಫಿ ಲೋಟ ನಾನೇ ತೊಳೆದಿಟ್ಟು ಬಂದೆ.

ಜೂನ್ 20, ಶುಕ್ರವಾರ

ಕೂಟಕ್ಕೆ ಹೋಗಲಿಲ್ಲ. ಮಳವಳ್ಳಿಗೆ ಹೋದೆ. ಹೊಂಬಾಳಮ್ಮ ಸೊಪ್ಪು ಸೋಸುತ್ತಿದ್ದರು. ಕೂತುಕೋ ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ — ವೀಣ ಶನಿವಾರ ಇಲ್ಲಿಗೆ ಬಂದದ್ದೇ ಇದನ್ನು ಹೇಳಲು. ಗುರುವಾರ ನನಗೆ ಹಾಗೆಂದಿದ್ದಳು. ಶುಕ್ರವಾರ ನಾನು ಬಾಯಿಬಿಟ್ಟೆ.

"ಕಾಯ್ಲೆ ಯಾರ್ ಮನೇಲಿಲ್ಲ ಕಣಮ್ಮ? ನಂಗೇ ಬಿಪಿ, ಸುಗರ್ರು ಎಲ್ಲ ಅವೆ. ಮುಚ್ಚಿಟ್ಲಲ್ಲಾ ಅಂತ ಒಟ್ಟೆ ಉರೀತು." ಸೊಪ್ಪು ಪಕ್ಕಕ್ಕಿಟ್ಟರು. "ಈಗ ಬಂದು ನನ್ ಕಿವೀಲಿ ಏಳ್ಬುಟ್ರೆ ಆಗೋಯ್ತಾ? ಅದ್ನ ಎಲ್ರ ಮುಂದೆ ಏಳ್ದೆ. ಇದ್ನೂ ಎಲ್ರ ಮುಂದೆ ಏಳು. ಬಾನ್ವಾರ ಸಂತೋಷನ್ನ ಕರ್ಕಂಡ್ ಬತ್ತೀನಿ."

ಒರಟು ಹೆಂಗಸು. ಮಾತು ಮಾತ್ರ ಸರಿ.

ಜೂನ್ 22, ಭಾನುವಾರ

ಅಯ್ಯನವರಿಗೆ ಮೊದಲೇ ತಿಳಿಸಿದ್ದೆ. ಪ್ರಕಟಣೆಗಳ ಹೊತ್ತಿಗೆ ಎದ್ದು ನಿಂತೆ. ಸಭೆಯೆಲ್ಲ ತಿರುಗಿ ನೋಡಿತು.

"ಆಕ್ಷೇಪಣೆ ಇದೆ. ವೀಣಳ ಮೇಲಲ್ಲ, ನನ್ನ ಮೇಲೆ" ಎಂದೆ.

ಗುರುವಾರ ಅವಳು ಏನೆಂದಳು, ಶುಕ್ರವಾರ ನಾನೇನು ಮಾಡಿದೆ, ಅಷ್ಟೇ ಹೇಳಿದೆ. ನನ್ನ ಆಯುಸ್ಸಿನಲ್ಲೇ ಇಷ್ಟು ಚಿಕ್ಕದಾಗಿ ಮಾತಾಡಿದವಳಲ್ಲ.

ಹಿಂದಿನ ಬೆಂಚಿನಿಂದ ಸಂತೋಷ ಎದ್ದು ಬಂದ. ನೇರ ವೀಣಳ ಹತ್ತಿರ.

"ನೀನೇ ಹೇಳು. ಮೊದಲಿಂದ. ನಾನೇನೂ ಕೇಳೇ ಇಲ್ಲ ಅಂದ್ಕೊ."

ಇಬ್ಬರೂ ಹೊರಗೆ ಬೇವಿನ ಮರದ ಕೆಳಗೆ ಹೋದರು. ಅಯ್ಯನವರು ಏನು ಮಾಡುವುದೆಂದು ತೋಚದೆ ಒಂದು ಕೀರ್ತನೆ ಹಾಡಿಸಿದರು. ಅದು ಮುಗಿಯಿತು. ಇನ್ನೊಂದು ಹಾಡಿಸಿದರು. ಅದೂ ಮುಗಿಯಿತು. ಹೊಂಬಾಳಮ್ಮ ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಕೀರ್ತನೆ ಪುಸ್ತಕದ ಇನ್ನೊಂದು ತುದಿ ಹಿಡಿದರು. ಮೂರನೆಯದರ ನಡುವೆ ಜೋಡಿ ಒಳಗೆ ಬಂತು. ವೀಣಳ ಕಣ್ಣು ಕೆಂಪು, ಆದರೆ ತಲೆ ಎತ್ತಿಕೊಂಡೇ ಬಂದಳು.

ಮೂರನೇ ಪ್ರಕಟಣೆ ಓದಿದರು. ಕರ್ತನಿಗೆ ಸ್ತೋತ್ರ.

ಹೊರಗೆ ವೀಣ ನನ್ನ ಕೈ ಹಿಡಿದಳು. ಅಭ್ಯಾಸಬಲ, ಪ್ರಾರ್ಥನೆ ಮಾಡಲಾ ಎಂದೆ.

"ಮಾಡಿ ಆಂಟಿ. ಬಾಯಿ ಬಿಡದೆ."

ನಕ್ಕಳು. ನಾನೂ ನಕ್ಕೆ, ಆಮೇಲೆ ಅಳು ಬಂತು.

ಜೂನ್ 27, ಶುಕ್ರವಾರ

ಕೂಟ ಅಂಕಮ್ಮನ ಮನೆಯಲ್ಲಿ. ಹೊಸ ಪದ್ಧತಿ ತಂದೆ: ಹೆಸರು ಹೇಳಿ, ವಿಷಯ ಬೇಡ. ಒಂದಿಬ್ಬರು ಮುಖ ಸಿಂಡರಿಸಿದರು. ಸಿಂಡರಿಸಲಿ. ಕೂಟ ಬೇಗ ಮುಗಿಯಿತು. ಉಪ್ಪಿಟ್ಟು ಇನ್ನೂ ಅಂಟೇ.

ಎಲ್ಲರೂ ಹೋದ ಮೇಲೆ ಅಂಕಮ್ಮ ಅಡುಗೆಮನೆಗೆ ಕರೆದಳು. ಬಾಗಿಲು ಮುಂದೆ ಮಾಡಿ ಅಳತೊಡಗಿದಳು.

"ಸುಗುಣಕ್ಕ, ನಿಂಗೊಬ್ಳಿಗೇ ಏಳ್ತಾವ್ನಿ."

ನನಗೆ! ಇಷ್ಟೆಲ್ಲ ಆದ ಮೇಲೂ ನನಗೇ. ಕೈ ಹಿಡಿದುಕೊಂಡು ಪೂರ್ತಿ ಕೇಳಿದೆ. ಪಾಪ, ಎಷ್ಟು ದಿನದಿಂದ ಒಬ್ಬಳೇ ನುಂಗಿಕೊಂಡಿದ್ದಳೋ. ವಿಷಯ ಏನೆಂದರೆ, ಅವಳ

ಬೇಡ. ಇಲ್ಲೂ ಬೇಡ.