ಶುಂಠಿ ಬೆರಳು

ಅಕ್ಕಾ,

ಸರ್ಕಾರದ ವಿಮೆ ಸಿಕ್ಕಿತು ಕಣೇ! ಕೀಲುಬೇನೆಯ ಆ ದುಬಾರಿ ಇಂಜೆಕ್ಷನ್ ಇನ್ನು ನನಗೆ ಪುಕ್ಕಟೆ. ಇಲ್ಲದಿದ್ದರೆ ಕ್ಷೌರದಂಗಡಿ ಮುಚ್ಚಬೇಕಾಗಿತ್ತು. ಹೋದ ಸಲ ಅರ್ಜಿ ಬಿದ್ದುಹೋಗಿದ್ದು ನನ್ನ ಬಾಯಿಂದಲೇ. ವಿಮೆ ಆಫೀಸಿನ ಡಾಕ್ಟರಮ್ಮ "ಹೇಗಿದ್ದೀರಿ?" ಅಂದಾಗ "ಫಸ್ಟ್ ಕ್ಲಾಸ್!" ಅಂದುಬಿಟ್ಟಿದ್ದೆ. ಪುಣ್ಯಾತ್ಗಿತ್ತಿ ಅದನ್ನೇ ಬರೆದುಕೊಂಡರು.

ಇವತ್ತು ಏನೂ ಕೇಳದೆ ಕೈಗೆ ಒಂದು ಕತ್ತರಿ ಕೊಟ್ಟು, "ಈ ಕಾಗದ ಕತ್ತರಿಸಿ ನೋಡೋಣ" ಅಂದರು. ನನ್ನ ಹೆಬ್ಬೆರಳು ಕತ್ತರಿಯ ಕಣ್ಣೊಳಗೆ ತೂರಲೇ ಇಲ್ಲ.

"ಇದು ಬೆರಳಲ್ಲ ಮೇಡಂ, ಶುಂಠಿ" ಅಂದೆ. ನಾನು ನಿನಗೆ ಇಟ್ಟಿದ್ದ ಹೆಸರು ಕೊನೆಗೆ ನನಗೇ ಬಂತು ನೋಡು.

ಅವರು ನಗಲಿಲ್ಲ. "ಮನೇಲಿ ಇನ್ಯಾರಿಗಾದ್ರೂ ಇತ್ತಾ ಇದು?"

"ನಮ್ಮಕ್ಕಂಗಿತ್ತು. ಈಗ ಅವಳಿಲ್ಲ."

"ನೋವಿಗೆ ಏನ್ ತಗೋತಿದ್ರು ಅವ್ರು?"

ಗಿರಾಕಿ ಏನು ಕೇಳಿದರೂ ನನ್ನ ಬಾಯಲ್ಲೊಂದು ಜೋಕು ರೆಡಿ ಇರುತ್ತಲ್ಲ, ಇವತ್ತು ಬರಲಿಲ್ಲ. ನಾನು ಶುಂಠೀ ಅಂತ ಕೂಗಿದಾಗೆಲ್ಲ ನೀನೂ ನಗುತ್ತಾ ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಅದಷ್ಟೇ ಕಣ್ಣ ಮುಂದೆ ಬಂತು.

"ಗೊತ್ತಿಲ್ಲ ಮೇಡಂ. ನಾನು ಕೇಳಲೇ ಇಲ್ಲ."

ಅವರು ಅರ್ಜಿಗೆ ಸಹಿ ಹಾಕಿದರು.

ಇಂಜೆಕ್ಷನ್ ಫ್ರಿಜ್ಜಿನಲ್ಲಿದೆ, ಪಕ್ಕದಲ್ಲಿ ಒಂದು ನಿಂಬೆಹಣ್ಣು, ಮತ್ತೇನಿಲ್ಲ. ನಾನೇ ಚುಚ್ಚಿಕೊಳ್ಳಬೇಕು. ಆಗ ಪಕ್ಕದಲ್ಲಿ ಯಾರಾದರೂ ಮಾತಾಡಿಸುತ್ತಿದ್ದರೆ ನೋವು ಗೊತ್ತಾಗಲ್ಲವಂತೆ, ಇಂಜೆಕ್ಷನ್ ಡಬ್ಬಿ ಕೈಗಿಟ್ಟು ಕಳಿಸಿದ ನರ್ಸಮ್ಮ ಹೇಳಿದರು.

ಮಾತಾಡಿಸು ಅಕ್ಕಾ. ಶುಂಠಿ ಅಂತಲೇ ಕರಿ.